ತಾಯಿಯ ವಯಸ್ಸು, ಗರ್ಭಧಾರಣೆಯ ಅಪಾಯ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಕಲಿಕಾ ಪಾಠ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು

ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಮೊದಲು ಬರೆಯುವ ವಿವರಗಳಲ್ಲಿ ಆಕೆಯ ವಯಸ್ಸೂ ಒಂದು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ತಿಳಿಯಲು ಉಪಕರಣ ಬೇಕು. ವಯಸ್ಸನ್ನು ತಿಳಿಯಲು ಶಾಲೆಯ ದಾಖಲೆಯೊಂದು ಸಾಕು. ಆದರೂ ಸುಲಭವಾಗಿ ತಪ್ಪಾಗಿ ದಾಖಲಾಗುವ ವಿವರವೂ ಅದೇ. 17 ವರ್ಷದವಳ ವಯಸ್ಸನ್ನು ಕಾನೂನಿನ ಭಯದಿಂದ 19 ಎಂದು ಬರೆಸುವುದುಂಟು. 38 ವರ್ಷದವಳು ಸಂಕೋಚದಿಂದ 34 ಎನ್ನುವುದುಂಟು. ಹೀಗಾದಾಗ ವೈದ್ಯರು ವಿಶೇಷ ಎಚ್ಚರ ವಹಿಸಬೇಕಾಗಿದ್ದ ಕಾರಣವೇ ಕಾರ್ಡಿನಿಂದ ಮರೆಯಾಗುತ್ತದೆ.

ವಯಸ್ಸು ಒಂದು ರೋಗವಲ್ಲ, ಅದು ಮುನ್ಸೂಚನೆ. ಹೆರಿಗೆಯ ಕೋಣೆಯಲ್ಲಿ ಎದುರಾಗಬಹುದಾದ ಅನೇಕ ತೊಂದರೆಗಳ ಸುಳಿವನ್ನು ಅದು ತಿಂಗಳುಗಳ ಮೊದಲೇ ನೀಡುತ್ತದೆ. 20 ವರ್ಷಕ್ಕಿಂತ ಮುಂಚಿನ ಗರ್ಭವನ್ನು ತಡೆಯುವುದು, 35 ವರ್ಷದ ನಂತರದ ಗರ್ಭವನ್ನು ಯೋಜಿಸಿ ಕಾಪಾಡುವುದು ಹಾಗೂ ಇವೆರಡರಲ್ಲೂ ವಯಸ್ಸನ್ನು ಮುಚ್ಚಿಡದಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯತಿಯಿಂದ ಆಗಬಹುದಾದ ಕೆಲಸ. ಅದನ್ನು ತಿಳಿಸುವುದು ಈ ಪಾಠದ ಉದ್ದೇಶ.

1. 20 ವರ್ಷಕ್ಕಿಂತ ಮುಂಚಿನ ಗರ್ಭ

ಹುಡುಗಿ ದೊಡ್ಡವಳಾದ ಕೂಡಲೇ ಆಕೆಯ ದೇಹ ತಾಯ್ತನಕ್ಕೆ ಸಿದ್ಧವಾಯಿತೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಇದು ಸರಿಯಲ್ಲ. ಮುಟ್ಟು ಆರಂಭವಾದ ನಂತರವೂ ಕೆಲವು ವರ್ಷ ಎತ್ತರ ಮತ್ತು ಸೊಂಟದ ಎಲುಬುಗಳ ಬೆಳವಣಿಗೆ ಮುಂದುವರಿಯುತ್ತದೆ. ಆ ಬೆಳವಣಿಗೆ ಪೂರ್ಣಗೊಳ್ಳುವ ಮುನ್ನ ಹೆರಿಗೆಯಾದರೆ ಮಗುವಿನ ತಲೆ ಹೊರಬರಲು ದಾರಿ ಸಾಲದೆ ಹೆರಿಗೆ ತಡೆಯುವ ಸಂಭವ ಹೆಚ್ಚು. ಅಲ್ಲದೆ, ಬೆಳೆಯುತ್ತಿರುವ ಹುಡುಗಿ ಗರ್ಭಿಣಿಯಾದರೆ ಒಂದೇ ತಟ್ಟೆಯ ಊಟವನ್ನು ಬೆಳೆಯುವ ಎರಡು ದೇಹಗಳು ಹಂಚಿಕೊಳ್ಳಬೇಕಾಗುತ್ತದೆ. ತಾಯಿಗೆ ರಕ್ತಹೀನತೆ ಹೆಚ್ಚುತ್ತದೆ, ಮಗುವಿನ ತೂಕ ಕಡಿಮೆಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 20ರಿಂದ 24 ವರ್ಷದ ತಾಯಂದಿರಿಗೆ ಹೋಲಿಸಿದರೆ 10ರಿಂದ 19 ವರ್ಷದ ತಾಯಂದಿರಲ್ಲಿ ಗರ್ಭಿಣಿ ನಂಜಿನಿಂದ ಬರುವ ಸೆಳೆತ, ಹೆರಿಗೆಯ ನಂತರದ ಗರ್ಭಕೋಶದ ಸೋಂಕು ಮತ್ತು ದೇಹವಿಡೀ ಹರಡುವ ಸೋಂಕಿನ ಅಪಾಯ ಹೆಚ್ಚು. ಅವರ ಮಕ್ಕಳು ಅವಧಿಗೆ ಮುನ್ನ ಹುಟ್ಟುವ ಮತ್ತು ಕಡಿಮೆ ತೂಕವಿರುವ ಸಂಭವವೂ ಹೆಚ್ಚು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಹಲವು ದೇಶಗಳ ಸಂಶೋಧನಾ ಜಾಲವೊಂದರ ಸದಸ್ಯನಾಗಿ ಈ ಜಿಲ್ಲೆಯ ಹಳ್ಳಿಗಳ ಗರ್ಭಿಣಿಯರ ನೋಂದಣಿ ಕಾರ್ಯ ನಡೆಸಿದೆ. ಆ ಜಾಲದ ದಾಖಲೆಗಳ ವಿಶ್ಲೇಷಣೆಯಲ್ಲಿಯೂ ಚಿಕ್ಕ ವಯಸ್ಸಿನ ತಾಯಂದಿರ ಮಕ್ಕಳಲ್ಲಿ ಅಕಾಲಿಕ ಜನನ ಮತ್ತು ಕಡಿಮೆ ತೂಕ ಹೆಚ್ಚಾಗಿ ಕಂಡುಬಂದಿವೆ.

ರಾಜ್ಯದ ಚಿತ್ರವನ್ನು ಸದಸ್ಯರು ಗಮನಿಸಬೇಕು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ. 21.4ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2019-21ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 21.3. ಅಂದರೆ ಐದು ವರ್ಷಗಳಲ್ಲಿ ಬದಲಾವಣೆ ಆಗಿಲ್ಲವೆಂದೇ ಹೇಳಬೇಕು. 15ರಿಂದ 19 ವರ್ಷದವರಲ್ಲಿ ಆಗಲೇ ತಾಯಿಯಾದವರು ಅಥವಾ ಗರ್ಭಿಣಿಯಾಗಿದ್ದವರು ಶೇ. 5.4. ರಾಜ್ಯದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆ ಉಳ್ಳವರು ಎಂಬುದನ್ನು ಇದರೊಂದಿಗೆ ಕೂಡಿಸಿ ನೋಡಿದರೆ ಅಪಾಯದ ಅಳತೆ ತಿಳಿಯುತ್ತದೆ.

ಒಂದು ಮಾತು ಸ್ಪಷ್ಟವಿರಲಿ: ಮದುವೆಯ ಕಾನೂನುಬದ್ಧ ವಯಸ್ಸು ಬೇರೆ, ತಾಯ್ತನಕ್ಕೆ ಸೂಕ್ತವಾದ ವಯಸ್ಸು ಬೇರೆ. 18 ತುಂಬಿದವಳ ಮದುವೆ ಕಾನೂನಿಗೆ ಒಪ್ಪಿಗೆ. ಆದರೆ ಮೊದಲ ಗರ್ಭ 20 ವರ್ಷ ತುಂಬಿದ ನಂತರವೇ ಇರುವುದು ಒಳ್ಳೆಯದು. ‘ವರ್ಷದೊಳಗೆ ತೊಟ್ಟಿಲು ಕಟ್ಟಬೇಕು’ ಎಂದು ಅತ್ತೆಮನೆಯವರು ಅವಸರಪಡಿಸಿದರೆ ಅದರ ಭಾರ ಹೊರುವುದು ಹುಡುಗಿಯ ದೇಹ.

2. ಕಾನೂನು ಮತ್ತು ಆಸ್ಪತ್ರೆಯ ಭಯ

1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ಕನಿಷ್ಠ ವಯಸ್ಸನ್ನು 14 ಎಂದು ನಿಗದಿಪಡಿಸಿತ್ತು. 1978ರ ತಿದ್ದುಪಡಿಯಿಂದ ಅದು ಹುಡುಗಿಗೆ 18, ಹುಡುಗನಿಗೆ 21 ಆಯಿತು. ಈಗ ಜಾರಿಯಲ್ಲಿರುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಕರ್ನಾಟಕವು ಇದಕ್ಕೆ ತಿದ್ದುಪಡಿ ತಂದು, ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು ಎಂದು ಘೋಷಿಸಿದೆ. ಮದುವೆ ಮಾಡಿಸಿದವರು, ನಡೆಸಿಕೊಟ್ಟವರು, ಪ್ರೋತ್ಸಾಹಿಸಿದವರು ಎರಡು ವರ್ಷದವರೆಗಿನ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುತ್ತಾರೆ. ಮದುವೆ ನಡೆಯುವ ಮುನ್ನವೇ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ಪಡೆಯಲು 13ನೇ ಕಲಂ ಅವಕಾಶ ನೀಡುತ್ತದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯೂ ಬಾಲ್ಯವಿವಾಹ ನಿಷೇಧಾಧಿಕಾರಿಗಳಲ್ಲಿ ಒಬ್ಬರು.

ವಯಸ್ಸಿನ ಪುರಾವೆಯಾಗಿ ಮೊದಲು ಕೇಳಬೇಕಾದುದು ಶಾಲೆಯ ಜನ್ಮದಿನಾಂಕದ ದಾಖಲೆ. ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ. ಆಧಾರ್ ಕಾರ್ಡು ಗುರುತಿನ ಚೀಟಿಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ. ಮದುವೆಯನ್ನು ಸಾಂಗಲಿ ಅಥವಾ ಕೊಲ್ಲಾಪುರ ಜಿಲ್ಲೆಯ ಊರಿನಲ್ಲಿ ಇಟ್ಟುಕೊಂಡರೆ ಕಾನೂನು ತಟ್ಟದೆಂಬ ಭಾವನೆಯೂ ತಪ್ಪು. 2006ರ ಕಾಯ್ದೆ ಮಹಾರಾಷ್ಟ್ರದಲ್ಲಿಯೂ ಜಾರಿಯಲ್ಲಿದೆ. ಮಕ್ಕಳ ಸಹಾಯವಾಣಿ 1098 ಎರಡೂ ರಾಜ್ಯಗಳಲ್ಲಿ ಕೆಲಸ ಮಾಡುತ್ತದೆ.

ಇಲ್ಲಿ ಸದಸ್ಯರು ಬಹಳ ಸೂಕ್ಷ್ಮವಾಗಿ ನಡೆದುಕೊಳ್ಳಬೇಕಾದ ಸಂದರ್ಭವೊಂದಿದೆ. ಬಾಲ್ಯವಿವಾಹ ಆಗಿಹೋಗಿ ಹುಡುಗಿ ಗರ್ಭಿಣಿಯಾಗಿದ್ದರೆ ವಿಷಯ ತಿಳಿದವರು ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದ ಮನೆಯವರು ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯದೆ ಅಡಗಿಸಿಡುವ, ಸುಳ್ಳು ವಯಸ್ಸು ಬರೆಸುವ ಅಥವಾ ಮನೆಯಲ್ಲೇ ಹೆರಿಗೆ ಮಾಡಿಸುವ ಅಪಾಯವಿದೆ. ತಪ್ಪು ಮಾಡಿದವರು ಹಿರಿಯರು. ಅದರ ಬೆಲೆಯನ್ನು ಪ್ರಾಣದಿಂದ ತೆರಬೇಕಾದವಳು ಹುಡುಗಿ. ಆದ್ದರಿಂದ ಮೊದಲ ಕೆಲಸ ಆಕೆಯನ್ನು ವೈದ್ಯರ ಬಳಿಗೆ ತಲುಪಿಸುವುದು. ತುರ್ತು ಚಿಕಿತ್ಸೆ ನೀಡಲು ಆಸ್ಪತ್ರೆಯು ಯಾವುದೇ ಕಾನೂನು ಪತ್ರವನ್ನು ಮುಂಚಿತವಾಗಿ ಕೇಳುವಂತಿಲ್ಲ ಎಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಗರ್ಭ ಮುಂದುವರಿಸಲು ಇಚ್ಛೆಯಿಲ್ಲದ ಅಪ್ರಾಪ್ತೆಗೆ, 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ, ಪಾಲಕರ ಲಿಖಿತ ಒಪ್ಪಿಗೆ ಮತ್ತು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. 20 ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಬೇಗ ಬಂದಷ್ಟೂ ಅಪಾಯ ಕಡಿಮೆ. ಆಕೆಯ ಹೆಸರು, ಗುರುತು ಗ್ರಾಮಸಭೆಯಲ್ಲಾಗಲಿ ಊರ ಕಟ್ಟೆಯಲ್ಲಾಗಲಿ ಚರ್ಚೆಗೆ ಬರಬಾರದು.

3. 35 ವರ್ಷದ ನಂತರದ ಗರ್ಭ

ಎರಡು ಮೂರು ಹೆಣ್ಣುಮಕ್ಕಳಾದ ಮೇಲೆ ಗಂಡುಮಗುವಿನ ನಿರೀಕ್ಷೆಯಲ್ಲಿ ಮತ್ತೆ ಗರ್ಭಿಣಿಯಾಗುವವರು, ಮದುವೆಯಾಗಿ ಬಹುಕಾಲ ಮಕ್ಕಳಾಗದೆ ಚಿಕಿತ್ಸೆಯಿಂದ ಗರ್ಭ ಧರಿಸುವವರು, ಎರಡನೆಯ ಮದುವೆಯಾದವರು, ಮುಟ್ಟು ನಿಲ್ಲುವ ಕಾಲ ಬಂತೆಂದು ಗರ್ಭನಿರೋಧಕ ಬಿಟ್ಟವರು ಈ ಗುಂಪಿಗೆ ಸೇರುತ್ತಾರೆ. ಇವರಲ್ಲಿ ಹೆಚ್ಚಿನವರ ಹೆರಿಗೆ ಸುರಕ್ಷಿತವಾಗಿಯೇ ಆಗುತ್ತದೆ. ಆದ್ದರಿಂದ ಯಾರನ್ನೂ ಹೆದರಿಸಬೇಕಾಗಿಲ್ಲ, ಹೀಯಾಳಿಸುವುದಂತೂ ಸಲ್ಲದು. ಆದರೆ ಎಚ್ಚರ ಬೇಕು.

ವಯಸ್ಸು ಏರಿದಂತೆ ಗರ್ಭಾವಸ್ಥೆಯಲ್ಲಿ ಅಧಿಕ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂಡುವ, ಶಸ್ತ್ರಚಿಕಿತ್ಸೆಯ ಹೆರಿಗೆ ಬೇಕಾಗುವ ಸಂಭವ ಹೆಚ್ಚುತ್ತದೆ. ಗರ್ಭಪಾತವೂ ಹೆಚ್ಚು: 20ರ ಹರೆಯದ ಕೊನೆಯ ವರ್ಷಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಗರ್ಭ ತಾನಾಗಿ ಕಳಚಿದರೆ, 45 ದಾಟಿದವರಲ್ಲಿ ಅರ್ಧದಷ್ಟು ಕಳಚುತ್ತವೆ. ಡೌನ್ ಸಿಂಡ್ರೋಮ್ ಎಂಬ ವರ್ಣತಂತುವಿನ ವ್ಯತ್ಯಾಸವಿರುವ ಮಗು ಹುಟ್ಟುವ ಸಂಭವ ತಾಯಿಗೆ 20 ವರ್ಷವಿದ್ದಾಗ ಸುಮಾರು 1,500ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. 40ರಲ್ಲಿಯೂ ನೂರರಲ್ಲಿ 99 ಮಕ್ಕಳಿಗೆ ಈ ತೊಂದರೆ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಮೂರನೆಯ ತಿಂಗಳ ಕೊನೆಯ ರಕ್ತಪರೀಕ್ಷೆ ಮತ್ತು 18ರಿಂದ 20 ವಾರಗಳ ನಡುವಿನ ಸ್ಕ್ಯಾನ್ ಈ ವಯಸ್ಸಿನ ತಾಯಂದಿರಿಗೆ ಬಹಳ ಮುಖ್ಯ.

ವಯಸ್ಸಿನ ಜೊತೆಗೆ ಹೆರಿಗೆಗಳ ಸಂಖ್ಯೆಯೂ ಹೆಚ್ಚಿದ್ದರೆ ಹೆರಿಗೆಯ ನಂತರ ಗರ್ಭಕೋಶ ಸರಿಯಾಗಿ ಕುಗ್ಗದೆ ತೀವ್ರ ರಕ್ತಸ್ರಾವವಾಗಬಹುದು. ರಕ್ತಹೀನತೆ ಇರುವವಳಿಗೆ ಇದು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗುತ್ತದೆ. ಈ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳೇ ಜಗತ್ತಿಗೆ ಒಂದು ಪಾಠ ಕಲಿಸಿವೆ. 2002ರಿಂದ 2005ರವರೆಗೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ತಾಯಂದಿರ ಮೇಲೆ ನಡೆದ ಅಧ್ಯಯನದಲ್ಲಿ, ಹೆರಿಗೆಯಾದ ಕೂಡಲೇ ಕಿರಿಯ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆ ನೀಡಿದಾಗ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಅದರ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಮಾತ್ರೆಯನ್ನು ಆರೋಗ್ಯ ಸಿಬ್ಬಂದಿ ಮಾತ್ರ ನೀಡಬೇಕು. ಹಳ್ಳಿಯ ಮಟ್ಟದ ಆರೋಗ್ಯ ಕಾರ್ಯಕರ್ತೆ ಸಕಾಲಕ್ಕೆ ಪಕ್ಕದಲ್ಲಿದ್ದರೆ ತಾಯಿಯ ಪ್ರಾಣ ಉಳಿಯುತ್ತದೆ ಎಂಬುದೇ ಇದರ ಸಾರ.

ಗಂಡುಮಗುವಿಗಾಗಿ ಮತ್ತೆ ಮತ್ತೆ ಗರ್ಭ ಧರಿಸಬೇಕಾದ ಒತ್ತಡದ ಬಗ್ಗೆಯೂ ಸದಸ್ಯರು ಮಾತನಾಡಬೇಕು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ. ಅದಕ್ಕಾಗಿ ತಾಯಿಯನ್ನು ದೂರುವುದು ಅನ್ಯಾಯ, ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯಡಿ ಅಪರಾಧ.

4. ಅಂತರ ಮತ್ತು ಯೋಜನೆ

ಎರಡು ಉದಾಹರಣೆಗಳನ್ನು ಇಟ್ಟುಕೊಳ್ಳಬಹುದು. ಒಬ್ಬಳಿಗೆ 17ಕ್ಕೆ ಮೊದಲ ಮಗು, 18ಕ್ಕೆ ಎರಡನೆಯದು, 20ಕ್ಕೆ ಮೂರನೆಯದು, 22ಕ್ಕೆ ಶಸ್ತ್ರಚಿಕಿತ್ಸೆ. ಇನ್ನೊಬ್ಬಳು ಪದವಿ ಮುಗಿಸಿ 21ಕ್ಕೆ ಮದುವೆಯಾಗಿ 23ಕ್ಕೆ ಮೊದಲ ಮಗು, 27ಕ್ಕೆ ಎರಡನೆಯ ಮಗು ಪಡೆದು ಅಲ್ಲಿಗೆ ನಿಲ್ಲಿಸುತ್ತಾಳೆ. ಮೊದಲನೆಯವಳ ಎಲ್ಲ ಗರ್ಭಗಳೂ ಎಳೆಯ ವಯಸ್ಸಿನ ಅಥವಾ ಕಡಿಮೆ ಅಂತರದ ಅಪಾಯದೊಳಗೆ ಬಿದ್ದವು. ಎರಡನೆಯವಳ ಎರಡೂ ಹೆರಿಗೆಗಳು 20 ಮತ್ತು 35ರ ಎರಡೂ ಅಂಚುಗಳಿಂದ ದೂರ ಉಳಿದವು. ಯೋಜನೆಯೆಂದರೆ ಇಷ್ಟೇ.

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು, ಗರ್ಭಪಾತವಾದ ಮೇಲೆ ಕನಿಷ್ಠ 6 ತಿಂಗಳು ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಅಂತರಕ್ಕಾಗಿ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ನೀಡುವ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ, ಮಾಲಾ-ಎನ್ ಮತ್ತು ನಿರೋಧ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದು ಯಾರಿಗೆ ಸೂಕ್ತವೆಂಬುದನ್ನು ವೈದ್ಯರು ಹೇಳಬೇಕು, ಆರಿಸಿಕೊಳ್ಳುವವಳು ಆಕೆಯೇ. ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಮಹಿಳೆಯರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಪುರುಷರ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಪುರುಷರ ಚಿಕಿತ್ಸೆಯು ಹೆಚ್ಚು ಸರಳ. ಅದರಿಂದ ದುಡಿಯುವ ಶಕ್ತಿ ಕುಂದುವುದಿಲ್ಲ. ಪುರುಷ ಸದಸ್ಯರು ಈ ಮಾತನ್ನು ಹೇಳಿದರೆ ಅದಕ್ಕೆ ಹೆಚ್ಚಿನ ತೂಕವಿರುತ್ತದೆ.

ಯಾವ ವಯಸ್ಸಿನವಳೇ ಆಗಲಿ, ಗರ್ಭಕ್ಕೆ ಮೊದಲೇ ರಕ್ತಹೀನತೆ, ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಂಡು ಫೋಲಿಕ್ ಆಮ್ಲದ ಮಾತ್ರೆ ಆರಂಭಿಸುವುದು ಉತ್ತಮ. ಗರ್ಭ ನಿಂತ ಮೇಲೆ 12 ವಾರಗಳೊಳಗೆ ನೋಂದಣಿ, ಕನಿಷ್ಠ ನಾಲ್ಕು ತಪಾಸಣೆ ಮತ್ತು 180 ಕಬ್ಬಿಣಾಂಶದ ಮಾತ್ರೆ ಕಡ್ಡಾಯ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ.

5. ಗಡಿ ತಾಲೂಕುಗಳ ವಿಶೇಷ ಸಂದರ್ಭಗಳು

*ಕುಬಸ ಮತ್ತು ತವರು.* ಐದು ಅಥವಾ ಏಳನೆಯ ತಿಂಗಳ ಕುಬಸದ ನಂತರ ಚೊಚ್ಚಲ ಗರ್ಭಿಣಿ ತವರಿಗೆ ಹೋಗುವುದು ಇಲ್ಲಿನ ರೂಢಿ. ಅಪಾಯದ ಲಕ್ಷಣಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆನಂತರದ ತಿಂಗಳುಗಳಲ್ಲಿಯೇ. ಅತ್ತೆಯ ಊರಿನ ಆಶಾ ಕಾರ್ಯಕರ್ತೆ ‘ತವರಿಗೆ ಹೋದಳು’ ಎಂದು ಬರೆದುಕೊಳ್ಳುತ್ತಾಳೆ. ತವರೂರಿನ ಆಶಾ ಕಾರ್ಯಕರ್ತೆಗೆ ಆಕೆ ಬಂದದ್ದೇ ತಿಳಿದಿರುವುದಿಲ್ಲ. ತವರು ಗಡಿಯಾಚೆ ಇದ್ದರೆ ಈ ಕೊಂಡಿ ಇನ್ನೂ ಸುಲಭವಾಗಿ ಕಳಚುತ್ತದೆ. ಎರಡೂ ಮನೆಯ ಹಿರಿಯರು ಒಂದೆಡೆ ಸೇರುವ ಕುಬಸದ ದಿನವೇ ಇದಕ್ಕೆ ಪರಿಹಾರವಾಗಬಲ್ಲದು. ಉಡಿ ತುಂಬಿ ಕಳುಹಿಸುವಾಗ ಸೀರೆ-ಕುಬಸದ ಜೊತೆಗೆ ತಾಯಿ ಕಾರ್ಡೂ ಹೋಗಬೇಕು. ಮುಂದಿನ ತಪಾಸಣೆಯ ದಿನಾಂಕ, ಹೆರಿಗೆಯ ಆಸ್ಪತ್ರೆ, ತವರೂರಿನ ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ ಅಂದೇ ನಿಶ್ಚಯವಾಗಬೇಕು.

*ಹತ್ತಿರದ ಆಸ್ಪತ್ರೆ.* ಕಾಗವಾಡ ಮತ್ತು ಅಥಣಿಯ ಹಲವು ಊರುಗಳಿಗೆ ಬೆಳಗಾವಿಗಿಂತ ಮಿರಜ, ಸಾಂಗಲಿ ಹತ್ತಿರ. ನಿಪ್ಪಾಣಿಗೆ ಕೊಲ್ಲಾಪುರ ಹತ್ತಿರ. ತುರ್ತಿನಲ್ಲಿ ಎಲ್ಲಿಗೆ ಹೋಗಬೇಕೆಂಬ ಚರ್ಚೆ ನೋವು ಆರಂಭವಾದ ಮೇಲೆ ನಡೆಯಬಾರದು. ತುರ್ತು ವಾಹನದ ಸಂಖ್ಯೆ 108 ಎರಡೂ ರಾಜ್ಯಗಳಲ್ಲಿ ಒಂದೇ.

*ಕಬ್ಬಿನ ಹಂಗಾಮು ಮತ್ತು ಬೀಡಿ ಕೆಲಸ.* ಸಕ್ಕರೆ ಕಾರ್ಖಾನೆಗಳು ಆರಂಭವಾದಾಗ ಬೇರೆಡೆಯಿಂದ ಬರುವ ಕಬ್ಬು ಕಡಿಯುವವರ ಗುಡಿಸಲುಗಳು ಹೊಲಗಳ ಅಂಚಿನಲ್ಲಿ ಏಳುತ್ತವೆ. ಮರಾಠವಾಡದ ಕಡೆಯ ಗ್ಯಾಂಗುಗಳಲ್ಲಿ ಗಂಡ-ಹೆಂಡತಿಯ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಎಣಿಸಿ ಮುಂಗಡ ಕೊಡುವ ಪದ್ಧತಿಯಿದ್ದು, ಇದು ಬೇಗ ಮದುವೆ ಮಾಡಲು ಪ್ರೇರಣೆಯಾಗುತ್ತದೆ. ಆ ಗುಡಿಸಲುಗಳಲ್ಲಿರುವ ಗರ್ಭಿಣಿ ಯಾವ ಊರಿನ ಪಟ್ಟಿಯಲ್ಲೂ ಇರುವುದಿಲ್ಲ. ಬೇರೆ ಊರಿನವಳೆಂಬ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಯ ಸೇವೆಯನ್ನು ಆಕೆಗೆ ನಿರಾಕರಿಸುವಂತಿಲ್ಲ. ನಿಪ್ಪಾಣಿ ಭಾಗದ ತಂಬಾಕು ವಖಾರಗಳಲ್ಲಿ ದುಡಿಯುವ, ಮನೆಯಲ್ಲಿ ಬೀಡಿ ಕಟ್ಟುವ ಗರ್ಭಿಣಿಯರು ದಿನಗೂಲಿ ತಪ್ಪುವುದೆಂದು ತಪಾಸಣೆ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಬೇಕು.

*ನೆರೆ.* 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಪ್ರವಾಹದಿಂದ ಈ ತಾಲೂಕುಗಳ ಸೇತುವೆಗಳು ಮುಳುಗಿ ಊರುಗಳ ಸಂಪರ್ಕ ಕಡಿದಿತ್ತು. ನದಿ ತೀರದ ಪಂಚಾಯತಿಗಳು ಜುಲೈ-ಆಗಸ್ಟ್‌ನಲ್ಲಿ ಹೆರಿಗೆ ನಿರೀಕ್ಷಿಸುವ ತಾಯಂದಿರ ಪಟ್ಟಿಯನ್ನು ಜೂನ್ ತಿಂಗಳಲ್ಲೇ ಸಿದ್ಧಪಡಿಸಬೇಕು. ಅವರಲ್ಲಿ 20ಕ್ಕಿಂತ ಕಿರಿಯರು ಮತ್ತು 35 ದಾಟಿದವರನ್ನು ನೀರು ಏರುವ ಮುನ್ನವೇ ಆಸ್ಪತ್ರೆಯ ಸಮೀಪದ ಸ್ಥಳಕ್ಕೆ ಕಳುಹಿಸಬೇಕು.

6. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಪ್ರತಿ ತಿಂಗಳು ಮೂರು ಸಂಖ್ಯೆಗಳನ್ನು ಕೇಳುವುದು: 20ಕ್ಕಿಂತ ಕಿರಿಯ ಗರ್ಭಿಣಿಯರೆಷ್ಟು, 35 ದಾಟಿದವರೆಷ್ಟು, ಹಿಂದಿನ ಹೆರಿಗೆಯ ನಂತರ ಎರಡು ವರ್ಷದೊಳಗೆ ಗರ್ಭಿಣಿಯಾದವರೆಷ್ಟು. ಸಂಖ್ಯೆ ಮಾತ್ರ ಸಭೆಗೆ ಬರಲಿ. ಹೆಸರು ಆರೋಗ್ಯ ಸಿಬ್ಬಂದಿಯ ಬಳಿ ಇರಲಿ.
2. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಈ ಮೂರು ಗುಂಪಿನವರೆಲ್ಲ ತಲುಪುವಂತೆ ವಾಹನದ ಏರ್ಪಾಡು ಮಾಡುವುದು.
3. ಏಳನೆಯ ತರಗತಿಯಿಂದ ಮುಂದೆ ಶಾಲೆ ಬಿಟ್ಟ ಹುಡುಗಿಯರ ವಿವರವನ್ನು ಮುಖ್ಯೋಪಾಧ್ಯಾಯರಿಂದ ಪಡೆದು, ಬಿಟ್ಟ ಕಾರಣವನ್ನು ಮನೆಗೆ ಹೋಗಿ ವಿಚಾರಿಸುವುದು. ದೂರದ ಪ್ರೌಢಶಾಲೆ, ತಪ್ಪಿದ ಬಸ್ಸು ಕಾರಣವಾಗಿದ್ದರೆ ಅದನ್ನು ಪಂಚಾಯತಿಯ ನಿರ್ಣಯವಾಗಿ ಮಂಡಿಸುವುದು.
4. ಸಾಮೂಹಿಕ ವಿವಾಹ ನಡೆಸುವವರು, ಮಂಗಲ ಕಾರ್ಯಾಲಯದವರು, ಪುರೋಹಿತರು, ಲಗ್ನಪತ್ರಿಕೆ ಮುದ್ರಿಸುವವರು ವಯಸ್ಸಿನ ದಾಖಲೆ ನೋಡಿಯೇ ಮುಂದುವರಿಯುವಂತೆ ತಿಳಿಸುವುದು.
5. ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ, ಸಾರಿಗೆ ಉಚಿತವೆಂಬುದನ್ನು ಮತ್ತು ಅಂಗನವಾಡಿಯ ಮಾತೃಪೂರ್ಣ ಊಟದ ಸೌಲಭ್ಯವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು.
6. ರಕ್ತದ ಗುಂಪಿನೊಂದಿಗೆ ಊರಿನ ರಕ್ತದಾನಿಗಳ ಪಟ್ಟಿ ಇಡುವುದು.
7. ಅಪಾಯದ ಲಕ್ಷಣಗಳನ್ನು ಗೋಡೆಬರಹದ ಮೂಲಕ ತಿಳಿಸುವುದು: ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊತ, ಸೆಳೆತ, ಯಾವುದೇ ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು, ನೀರು ಒಡೆಯುವುದು, ಜ್ವರ. ಇವುಗಳಲ್ಲಿ ಒಂದು ಕಂಡರೂ ಕೂಡಲೇ 108.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವರ್ಷ ಪಂಚಾಯತಿ ವ್ಯಾಪ್ತಿಯಲ್ಲಿ ಮೊದಲ ಹೆರಿಗೆಯಾದವರಲ್ಲಿ 20 ತುಂಬದವರು ಎಷ್ಟು ಮಂದಿ?
2. ಕುಬಸದ ನಂತರ ಬೇರೆ ಊರಿಗೆ ಹೋದ ಗರ್ಭಿಣಿಯರ ಹೆರಿಗೆ ಏನಾಯಿತೆಂಬ ಮಾಹಿತಿ ಆಶಾ ಕಾರ್ಯಕರ್ತೆಗೆ ಮರಳಿ ತಲುಪುತ್ತಿದೆಯೇ?
3. ಬಾಲ್ಯವಿವಾಹದ ಸುದ್ದಿ ಸದಸ್ಯರ ಸಂಬಂಧಿಕರ ಮನೆಯಿಂದಲೇ ಬಂದರೆ ಪಂಚಾಯತಿ ಏನು ಮಾಡುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. ಆದರೆ ಊರಿನವರು ಪಂಚಾಯತಿಯ ಉಳಿದೆಲ್ಲ ಮಾತುಗಳನ್ನು ನಂಬುವುದು ಆ ಉತ್ತರವನ್ನು ನೋಡಿದ ಮೇಲೆಯೇ. ಹುಡುಗಿಯ ನಿಜವಾದ ವಯಸ್ಸನ್ನು ಮದುವೆಗೆ ಮೊದಲು ಕೇಳಿದರೆ ಒಂದು ಮದುವೆ ಮುಂದೆ ಹೋಗುತ್ತದೆ. ಹೆರಿಗೆಯ ಹೊತ್ತಿಗೆ ಕೇಳಿದರೆ ಬಹಳ ತಡವಾಗಿರುತ್ತದೆ.